ಓದುಗರ ಪ್ರಶ್ನೆ: ಮುಂಬಯಿಯಲ್ಲಿ ಕನ್ನಡ ರ‍್ಯಾಪ್ ಹೊಟ್ಟೆ ಹೊರೆಯುತ್ತದೆಯೇ?

ಪ್ರಶ್ನೆ: ನಾನು ಮುಲುಂಡಿನ ಹೋಟೆಲೊಂದರಲ್ಲಿ ಮ್ಯಾನೇಜರ್; ಊರು ಕುಂದಾಪುರದ ಕಡೆ. ಬಿ.ಕಾಂ. ಎರಡನೇ ವರ್ಷದಲ್ಲಿರುವ ಮಗ ಕನ್ನಡದಲ್ಲಿ ರ‍್ಯಾಪ್ ಬರೆದು ಹಾಡುತ್ತಾನೆ. ಈಗ ಕಾಲೇಜು ಬಿಟ್ಟು ಅದನ್ನೇ ವೃತ್ತಿ ಮಾಡಿಕೊಳ್ಳುತ್ತೇನೆಂದು ಹಟ ಹಿಡಿದಿದ್ದಾನೆ. ಮುಂಬಯಿಯಲ್ಲಿ ಕನ್ನಡ ಕೇಳುವವರು ಯಾರು, ಹಿಂದಿಯಲ್ಲಾದರೂ ಹಾಡು ಎಂದರೆ ಊಟ ಬಿಟ್ಟು ಎದ್ದು ಹೋಗುತ್ತಾನೆ. ಅವನ ಹಾಡಿನ ನಾಲ್ಕು ಸಾಲುಗಳನ್ನು ಜೊತೆಗಿಟ್ಟಿದ್ದೇನೆ. ಏನು ಮಾಡಲಿ?

ಉತ್ತರ: ಕಾಲೇಜಿನ ವಿಷಯದಲ್ಲಿ ನಾನು ನಿಮ್ಮ ಪಕ್ಷ, ಭಾಷೆಯ ವಿಷಯದಲ್ಲಿ ನಿಮ್ಮ ಮಗನ ಪಕ್ಷ.

ಅಂಧೇರಿಯ ಜೆ.ಬಿ. ನಗರದ ವಿವಿಯನ್ ಫರ್ನಾಂಡಿಸ್, ಅಂದರೆ ಇಂದು ಎಲ್ಲರೂ ಬಲ್ಲ ‘ಡಿವೈನ್’, ಮೊದಲು ಹಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ಜನ ಅವರನ್ನು ಗುರುತಿಸಿದ್ದು ತಮ್ಮ ಗಲ್ಲಿಯ ಹಿಂದಿಗೆ ಬಂದ ಮೇಲೆ. ಧಾರಾವಿಯ ‘ಡೋಪ್‌ಅಡೆಲಿಕ್ಸ್’ ತಂಡದವರು ತಮಿಳನ್ನು ಬಿಡಲಿಲ್ಲ, 2018ರಲ್ಲಿ ರಜನೀಕಾಂತರ ‘ಕಾಲಾ’ ಚಿತ್ರದ ಹಾಡುಗಳಲ್ಲಿ ಅವರ ದನಿ ಕೇಳಿಸಿತು. ‘ಸ್ವದೇಶಿ’ ತಂಡದ ಧರ್ಮೇಶ್ ಪರ್ಮಾರ್ 2022ರಲ್ಲಿ 24ನೇ ವಯಸ್ಸಿಗೇ ತೀರಿಕೊಂಡರೂ, ಗುಜರಾತಿ ರ‍್ಯಾಪ್ ಎಂದರೆ ಈ ನಗರದವರಿಗೆ ಇಂದಿಗೂ ಮೊದಲು ನೆನಪಾಗುವ ಹೆಸರು ಅವರದೇ. ಈ ಸಾಲಿನಲ್ಲಿ ಕನ್ನಡದ ಜಾಗ ಇನ್ನೂ ಖಾಲಿಯಿರುವಂತೆ ನನಗೆ ಕಾಣುತ್ತದೆ, ಹಿಂದಿಯಲ್ಲಾದರೆ ನಿಮ್ಮ ಮಗ ನೂರಾರು ಜನರ ಹಿಂದೆ ನಿಲ್ಲಬೇಕಾಗುತ್ತದೆ.

ಇನ್ನು ನೀವು ಕಳುಹಿಸಿದ ಸಾಲುಗಳು. ನಾಲ್ಕರಲ್ಲಿ ಮೂರು ‘ತ್ತೇನೆ’ ಎಂದೇ ಮುಗಿಯುತ್ತವೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ ಇಂಥ ಪ್ರಾಸ ಕೇಳದೆಯೇ ಸಿಗುತ್ತದೆ, ಕೇಳದೆ ಸಿಕ್ಕಿದ್ದಕ್ಕೆ ಕಿವಿ ಬೆಲೆ ಕೊಡುವುದಿಲ್ಲ. ನಮ್ಮ ಹಳೆಯ ಕವಿಗಳು ಪ್ರಾಸವನ್ನು ಸಾಲಿನ ಎರಡನೆಯ ಅಕ್ಷರದಲ್ಲಿಟ್ಟು ಆದಿಪ್ರಾಸ ಎಂದದ್ದನ್ನು ಅವನು ಒಮ್ಮೆ ಪರೀಕ್ಷಿಸಿ ನೋಡಲಿ. ಹರಿಹರ ಕವಿ ಬಳಸಿದ ಮಂದಾನಿಲ ರಗಳೆಯ ಸಾಲಿಗೆ 16 ಮಾತ್ರೆ. ಇಂದಿನ ಬೀಟಿನಲ್ಲಿ ತಾಳದ ಒಂದು ಸುತ್ತಾದ ಬಾರ್‌ಗೆ ನಾಲ್ಕು ಪೆಟ್ಟು, ಪೆಟ್ಟಿಗೆ ನಾಲ್ಕು ಪಾಲು ಎಂದು ಎಣಿಸಿದರೆ ಅದೂ 16ಕ್ಕೇ ಬಂದು ನಿಲ್ಲುತ್ತದೆ. ಇದು ಪಂಡಿತರ ಕಸರತ್ತೆಂದು ಅವನು ಮೂಗು ಮುರಿದರೆ, ಮುಂಬಯಿಯ ಮೃದಂಗ ವಾದಕ ವಿವಿಕ್ ರಾಜಗೋಪಾಲನ್ ‘ಸ್ವದೇಶಿ’ಯ ಹುಡುಗರಿಗೆ ಕೊನ್ನಕೋಲಿನ, ಅಂದರೆ ತಾಳದ ಸೊಲ್ಲುಗಳನ್ನು ಬಾಯಲ್ಲಿ ನುಡಿಯುವ ಕಲೆಯ, ಲೆಕ್ಕ ಕಲಿಸಿ ಅವರೊಡನೆ ಹಾಡು ಕಟ್ಟಿದ್ದನ್ನು ತಿಳಿಸಿ.

ಇನ್ನೊಂದು ಮಾತು. ಮನೆಯಲ್ಲಿ ಕುಂದಗನ್ನಡ ಆಡುವ ಹುಡುಗ ಹಾಡಿನಲ್ಲಿ ಮಾತ್ರ ಪಠ್ಯಪುಸ್ತಕದ ಕನ್ನಡಕ್ಕೆ ಏಕೆ ಹೋಗುತ್ತಾನೆ? ‘ಬರುತ್ತೇನೆ’ ಎಂದರೆ ಆರು ಮಾತ್ರೆ, ನಿಮ್ಮೂರಿನ ‘ಬತ್ತೆ’ ಮೂರರಲ್ಲೇ ಮುಗಿಯುತ್ತದೆ. ಬೀಟಿನ ಮೇಲೆ ಓಡುವವನಿಗೆ ಉಳಿದ ಮೂರು ಮಾತ್ರೆ ದೊಡ್ಡ ಉಳಿತಾಯ. ಹಿಂದೊಮ್ಮೆ ಇಲ್ಲಿನ ಸಂಘವೊಂದರ ವಾರ್ಷಿಕೋತ್ಸವದಲ್ಲಿ, ಯಕ್ಷಗಾನ ಶುರುವಾಗುವ ಮುನ್ನ ಹುಡುಗನೊಬ್ಬ ‘ಹ್ವಾಯ್’ ಎಂದು ಕೂಗಿ ರ‍್ಯಾಪ್ ಆರಂಭಿಸಿದಾಗ, ಹಿಂದಿನ ಸಾಲಿನ ಅಜ್ಜಂದಿರು ಮೊದಲು ಮುಖ ಸಿಂಡರಿಸಿದರು. ಪರದೆಯ ಪಕ್ಕದಲ್ಲಿ ಕುಳಿತಿದ್ದ ಚೆಂಡೆಯವರ ಬೆರಳು ಮಾತ್ರ ಎರಡನೆಯ ಸಾಲಿಗೇ ಮೊಣಕಾಲಿನ ಮೇಲೆ ಆಡತೊಡಗಿತ್ತು.

ಹೊಟ್ಟೆಪಾಡಿನ ಮಾತು ಕಷ್ಟದ್ದು. ಯೂಟ್ಯೂಬಿನ ಜಾಹೀರಾತಿನ ಪಾಲು ಕೈಸೇರಬೇಕಾದರೆ ಚಾನೆಲ್‌ಗೆ 1,000 ಚಂದಾದಾರರಿರಬೇಕು, ಜೊತೆಗೆ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ ಅಥವಾ 90 ದಿನಗಳಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವೀಕ್ಷಣೆ ಆಗಬೇಕು, ಆಮೇಲೂ ಬರುವ ಮೊತ್ತದಲ್ಲಿ ಮನೆ ಬಾಡಿಗೆ ಕಟ್ಟಲಾಗದು. ಈ ಕಲೆಯವರ ಸಂಪಾದನೆ ಹೆಚ್ಚಾಗಿ ವೇದಿಕೆ, ಜಾಹೀರಾತು ಮತ್ತು ಸಿನಿಮಾದಿಂದ. ಚಂದನ್ ಶೆಟ್ಟಿ ರ‍್ಯಾಪ್ ಹಾಡುಗಳಿಂದ ಪರಿಚಿತರಾದರು, 2018ರಲ್ಲಿ ಕನ್ನಡ ಬಿಗ್ ಬಾಸ್ ಗೆದ್ದ ಮೇಲೆ ಮನೆಮಾತಾದರು, ಪುಣೆಯ ಎಂ.ಸಿ. ಸ್ಟ್ಯಾನ್ ಹಿಂದಿ ಬಿಗ್ ಬಾಸ್ ಗೆದ್ದದ್ದು 2023ರಲ್ಲಿ. ಅಂಥ ಬಾಗಿಲು ಎಲ್ಲರಿಗೂ ತೆರೆಯುವುದಿಲ್ಲ. ಕನ್ನಡ ಕಾರ್ಯಕ್ರಮಗಳ ಮಾರುಕಟ್ಟೆ ಇರುವುದು ಬೆಂಗಳೂರಿನಲ್ಲಿ, ಆದ್ದರಿಂದ ನಿಮ್ಮ ಮಗ ಉದ್ಯಾನ್ ಎಕ್ಸ್‌ಪ್ರೆಸ್ಸಿನ ಸ್ಲೀಪರ್ ಟಿಕೆಟಿಗೆ ಹಣ ತೆಗೆದಿಡುವುದನ್ನು ಕಲಿಯಬೇಕು. ಬಿ.ಕಾಂ. ಮುಗಿಸುವಷ್ಟರಲ್ಲಿ ಹತ್ತು ಹಾಡು ಹೊರಬರಲಿ, ಅಲ್ಲಿಯವರೆಗೆ ರೆಕಾರ್ಡಿಂಗಿಗೆ ತಿಂಗಳಿಗಿಷ್ಟು ಎಂದು ನೀವೂ ಕೊಡಿ. ಲೆಕ್ಕ ಬರೆದಿಡಲು ಹೇಳಿ. ವಾಣಿಜ್ಯದ ಹುಡುಗ, ಬರೆಯದೆ ಇರಲಾರ.

ಪ್ರಶ್ನೆ: ಪುಣೆಯ ಕಾತ್ರಜ್‌ನಲ್ಲಿದ್ದೇನೆ. ನಾನೇ ಬರೆದು ಹಾಡಿದ ಕನ್ನಡ ರ‍್ಯಾಪ್ ಒಂದಕ್ಕೆ ಸಣ್ಣ ಮ್ಯೂಸಿಕ್ ಕಂಪನಿಯೊಂದು ಹದಿನೈದು ಸಾವಿರ ಕೊಟ್ಟು ‘ಎಲ್ಲ ಹಕ್ಕು’ ಬರೆಸಿಕೊಂಡಿತು. ಹದಿನಾಲ್ಕು ತಿಂಗಳಾದರೂ ಹಾಡು ಹೊರಬಂದಿಲ್ಲ. ನನ್ನ ಕೈಯಲ್ಲಿ ಏನಾದರೂ ಉಳಿದಿದೆಯೇ?

ಉತ್ತರ: ನೀವು ಅಂದುಕೊಂಡದ್ದಕ್ಕಿಂತ ಹೆಚ್ಚೇ ಉಳಿದಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯಂತೆ, ಧ್ವನಿಮುದ್ರಿಕೆಯಲ್ಲಿ ಸೇರಿದ ಸಾಹಿತ್ಯ ಮತ್ತು ಸಂಗೀತವನ್ನು ಬಳಸಿದಾಗ ಬರುವ ರಾಯಧನದ ಸಮಪಾಲನ್ನು ಕರ್ತೃ ತನ್ನ ವಾರಸುದಾರರಿಗೆ ಅಥವಾ ಹಕ್ಕುಸ್ವಾಮ್ಯ ಸಂಘಕ್ಕೆ ಹೊರತು ಬೇರೆಯವರಿಗೆ ಬಿಟ್ಟುಕೊಡಲು ಬರುವುದಿಲ್ಲ; ಹಾಗೆ ಬರೆದ ಒಪ್ಪಂದ ಅಷ್ಟರಮಟ್ಟಿಗೆ ಅಸಿಂಧು. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ರೀತಿ ಹೇಳಿಲ್ಲವಾದರೆ, ಆ ಹಕ್ಕು ಬಿದ್ದುಹೋಗುತ್ತದೆ. ಅವಧಿ ನಮೂದಿಸದಿದ್ದರೆ ಐದು ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ ಎಂದು ತಿಳಿಯಬೇಕು. ಆದ್ದರಿಂದ ಕಾಗದ ಹೊರತೆಗೆದು, ಅದರಲ್ಲಿ ‘ಬಳಸದಿದ್ದರೂ ಹಕ್ಕು ಮುಂದುವರಿಯುತ್ತದೆ’ ಎಂಬರ್ಥದ ಸಾಲು ಇದೆಯೇ ಎಂದು ಹುಡುಕಿ, ವಕೀಲರಿಗೆ ತೋರಿಸಿ. ಗೀತರಚನಕಾರರ ರಾಯಧನ ಸಂಗ್ರಹಿಸುವ ಐ.ಪಿ.ಆರ್.ಎಸ್. ಸಂಸ್ಥೆಯ ಕಚೇರಿ ಮುಂಬಯಿಯಲ್ಲೇ ಇದೆ. ಸದಸ್ಯರಾಗಿಲ್ಲದಿದ್ದರೆ ಅರ್ಜಿ ಹಾಕಿ.

ಪ್ರಶ್ನೆ: ‘ಫ್ರೀ’ ಎಂದು ಬರೆದಿದ್ದ ಬೀಟನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಂಡು ಹಾಡಿದೆ. ಈಗ ಹಾಡಿನ ದುಡ್ಡು ಬೇರೆಯವರಿಗೆ ಹೋಗುತ್ತಿದೆ. ಇದು ನ್ಯಾಯವೇ? (ವಾಸ್ಕೊ, ಗೋವಾ)

ಉತ್ತರ: ‘ಫ್ರೀ’ ಎಂದರೆ ಸಾಮಾನ್ಯವಾಗಿ ದುಡ್ಡು ಮಾಡದ ಬಳಕೆಗೆ ಉಚಿತ ಎಂದಷ್ಟೇ ಅರ್ಥ, ಆ ಮಾತು ವೀಡಿಯೊದ ಕೆಳಗಿನ ವಿವರಣೆಯಲ್ಲಿ ಸಣ್ಣಗೆ ಬರೆದಿರುತ್ತದೆ. ಬೀಟ್ ಮಾಡಿದವರಿಗೆ ಬರೆದು ಲೀಸ್, ಅಂದರೆ ಬೀಟ್ ಬಳಸುವ ಅನುಮತಿ, ಕೊಂಡುಕೊಳ್ಳಿ. ಅದೇ ಬೀಟನ್ನು ಇನ್ನೂ ಹತ್ತು ಜನ ಲೀಸ್ ಪಡೆಯಬಹುದು, ಅದು ಬೇಡವೆಂದಾದರೆ ‘ಎಕ್ಸ್‌ಕ್ಲೂಸಿವ್’ ಬೆಲೆ ಕೇಳಿ; ಎರಡರಲ್ಲಿ ಯಾವುದೇ ಆದರೂ ರಸೀದಿ ಮತ್ತು ಲೈಸೆನ್ಸಿನ ಪ್ರತಿಯನ್ನು ಹಾಡು ಹಾಕುವ ಮೊದಲೇ ಇಮೇಲಿನಲ್ಲಿ ತರಿಸಿಕೊಳ್ಳಿ.