ಪುಕ್ಕಟೆ ಸಿಗುವ ಕೆಸರುಗೊಬ್ಬರ ಸೊಪ್ಪಿನ ಪಾತಿಗೆ ಬೇಡ

ಮೇಡಂ, ನೀವು ಕೇಳಿದ್ದು ಇಷ್ಟು: ಕೊಳಚೆ ನೀರು ಶುದ್ಧೀಕರಿಸುವ ಘಟಕದ ಒಣ ಕೆಸರು ಪುಕ್ಕಟೆ ಸಿಗುತ್ತಿದೆ, ಸೊಪ್ಪಿನ ಪಾತಿಗೆ ಹಾಕಬಹುದಾ? ಹಳೇ ಟೈರಿನಲ್ಲಿ ತರಕಾರಿ ಬೆಳೆಯಬಹುದಾ? ‘ಶಾಶ್ವತ ರಾಸಾಯನಿಕ’ ಅನ್ನೋ ಗುಲ್ಲು ನಿಜವಾ? ನಿಮಗೆ ಉತ್ತರಿಸಿದ ಒಬ್ಬರು ‘ಗೊಬ್ಬರ ಗೊಬ್ಬರವೇ, ಸುಮ್ನೆ ಹಾಕಿ’ ಅಂದಿದ್ದಾರೆ. ನಾನು ಒಪ್ಪುವುದಿಲ್ಲ. ಕೆಸರು ಬೇಡ.

‘ಶಾಶ್ವತ ರಾಸಾಯನಿಕ’ ಅನ್ನುವುದು ಪಿಎಫ್‌ಎಎಸ್‌ಗೆ. ಅದು ಒಂದು ವಸ್ತುವಲ್ಲ, ಸಾವಿರಾರು ರಾಸಾಯನಿಕಗಳ ಕುಟುಂಬ. ನೀರೂ ಹಿಡಿಯಬಾರದು, ಎಣ್ಣೆಯೂ ಹಿಡಿಯಬಾರದು ಅನ್ನುವ ಕಡೆಯೆಲ್ಲ ಇವನ್ನು ಬಳಸಿದ್ದಾರೆ. ಮಳೆಕೋಟು, ಕಲೆ ಹಿಡಿಯದ ಕಾರ್ಪೆಟ್, ಬೆಂಕಿ ಆರಿಸುವ ನೊರೆ, ಜಿಡ್ಡು ಹೀರದ ಕಾಗದ, ಹೀಗೆ. ಇವುಗಳಲ್ಲಿ ಇಂಗಾಲಕ್ಕೂ ಫ್ಲೋರಿನ್‌ಗೂ ಇರುವ ಬೆಸುಗೆ ತುಂಬಾ ಗಟ್ಟಿ. ಬಿಸಿಲಿಗಾಗಲಿ, ಮಣ್ಣಿನ ಜೀವಿಗಳಿಗಾಗಲಿ ಅದು ಬಗ್ಗುವುದಿಲ್ಲ. ಕಾಂಪೋಸ್ಟ್ ಗುಂಡಿಗೆ ಹಾಕಿದರೆ ಎಲ್ಲ ಕೊಳೆತು ಮಣ್ಣಾಗುತ್ತದೆ ಅಂತ ನಾವು ನಂಬಿರುತ್ತೇವೆ ಅಲ್ವಾ? ಇದು ಕೊಳೆಯುವುದೇ ಇಲ್ಲ. ಚರಂಡಿಗೆ ಹೋದದ್ದರಲ್ಲಿ ಒಂದು ಪಾಲು ಘಟಕದ ಕೆಸರಿಗೇ ಅಂಟಿಕೊಂಡು ಉಳಿಯುತ್ತದೆ.

ಅಮೆರಿಕದ ಮೇನ್ ರಾಜ್ಯದಲ್ಲಿ ಹಿಂದೆ ವರ್ಷಗಟ್ಟಲೆ ಹೊಲಗಳಿಗೆ ಇಂಥ ಕೆಸರು ಹರಡಿದ್ದರು. ಅದು ಹುಲ್ಲಿಗೆ ಬಂತು, ಹುಲ್ಲಿನಿಂದ ಹಸುವಿನ ಹಾಲಿಗೆ ಬಂತು. ಕೆಲವು ರೈತರು ಬೇಸಾಯವನ್ನೇ ನಿಲ್ಲಿಸಬೇಕಾಯಿತು. 2022ರಲ್ಲಿ ಆ ರಾಜ್ಯ ಹೊಲಕ್ಕೆ ಕೆಸರು ಹಾಕುವುದನ್ನು ಕಾನೂನು ಮಾಡಿ ನಿಲ್ಲಿಸಿತು.

ಮೈಗೆ ಏನಾಗುತ್ತದೆ ಅಂದರೆ, ಈ ಕುಟುಂಬದ ಪಿಎಫ್‌ಒಎ ಅನ್ನುವುದನ್ನೇ ನೋಡಿ. ರಕ್ತಕ್ಕೆ ಸೇರಿದ್ದು ಅರ್ಧಕ್ಕೆ ಇಳಿಯಲು ಸುಮಾರು 2ರಿಂದ 4 ವರ್ಷ ಬೇಕು. ಅಮೆರಿಕದ ಒಂದು ಕಾರ್ಖಾನೆಯ ಸುತ್ತ ಕುಡಿಯುವ ನೀರಿಗೆ ಇದು ಸೇರಿದಾಗ ಸುಮಾರು 69,000 ಜನರನ್ನು ಪರೀಕ್ಷಿಸಿದರು. ಮೂತ್ರಪಿಂಡ ಮತ್ತು ವೃಷಣದ ಕ್ಯಾನ್ಸರ್, ಥೈರಾಯ್ಡ್ ತೊಂದರೆ, ಜಾಸ್ತಿ ಕೊಲೆಸ್ಟ್ರಾಲ್, ದೊಡ್ಡ ಕರುಳಿನ ಹುಣ್ಣು, ಬಸಿರಿನಲ್ಲಿ ಏರುವ ರಕ್ತದೊತ್ತಡ, ಈ ಆರಕ್ಕೂ ಅದಕ್ಕೂ ನಂಟಿರುವ ಸಂಭವ ಕಂಡಿತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಹಾಗಂತ ಒಂದು ಕಟ್ಟು ಸೊಪ್ಪು ತಿಂದವರಿಗೆ ಕಾಯಿಲೆ ಬರುತ್ತದೆ ಅಂತಲ್ಲ. ವರ್ಷಗಟ್ಟಲೆ ಒಳಗೆ ಸೇರುತ್ತಾ ಹೋಗುವುದೇ ಇಲ್ಲಿ ತೊಂದರೆ.

ಈಗಾಗಲೇ ಒಂದೆರಡು ಚೀಲ ಹಾಕಿಬಿಟ್ಟಿದ್ದರೆ ಗಾಬರಿ ಬೇಡ. ಇನ್ನು ಮುಂದೆ ಹಾಕಬೇಡಿ, ಅಷ್ಟೇ. ಆ ಪಾತಿಯಲ್ಲಿ ಸೊಪ್ಪು ಬೆಳೆಯಬೇಡಿ. ಈ ಕುಟುಂಬದಲ್ಲಿ ಇಂಗಾಲದ ಚಿಕ್ಕ ಸರಪಳಿ ಇರುವವು ನೀರಿನ ಜೊತೆ ಸಲೀಸಾಗಿ ಎಲೆಗೆ ಏರುತ್ತವೆ. ಉದ್ದ ಸರಪಳಿಯವು ಮಣ್ಣಲ್ಲೂ ಬೇರಲ್ಲೂ ಹೆಚ್ಚು ಉಳಿಯುತ್ತವೆ. ಅದಕ್ಕೇ ಗೆಡ್ಡೆಗಳೂ ಬೇಡ. ಕಾಯಿಗೆ ಸಾಮಾನ್ಯವಾಗಿ ಕಡಿಮೆ ಹೋಗುತ್ತದೆ. ಹೂವಿನ ಗಿಡ ಹಾಕಿದರೆ ಇನ್ನೂ ನಿಶ್ಚಿಂತೆ. ನಾವು ಮಾಡಿಸುವ ಸಾಮಾನ್ಯ ಮಣ್ಣು ಪರೀಕ್ಷೆಯಲ್ಲಿ ಇದು ಗೊತ್ತಾಗುವುದಿಲ್ಲ. ಸಾರಜನಕ, ರಂಜಕ, ಪೊಟ್ಯಾಷ್ ಸರಿಯಾಗಿದೆ ಅಂತ ಚೀಟಿ ಬಂದರೆ ಈ ವಿಷಯದಲ್ಲಿ ಏನೂ ಹೇಳಿದಂತಾಗಲಿಲ್ಲ.

ನಾನೂ ಜಾಣನಲ್ಲ. ಎರಡು ವರ್ಷ ಊಟದ ಪಾರ್ಸೆಲ್ ಡಬ್ಬಿಗಳನ್ನು ‘ಕಾಗದ ತಾನೇ’ ಅಂತ ಹರಿದು ಕಾಂಪೋಸ್ಟಿಗೆ ಹಾಕುತ್ತಿದ್ದೆ. ಎಣ್ಣೆ ಬಿದ್ದರೂ ನೆನೆಯದ ಕಾಗದದ ಮೇಲೆ ಏನೋ ಬಳಿದಿರಲೇಬೇಕು ಅಂತ ಹೊಳೆದದ್ದು ಆಮೇಲೆ. ಈಗ ಬಣ್ಣ, ಹೊಳಪು ಇಲ್ಲದ ರಟ್ಟು ಮಾತ್ರ ಹಾಕುತ್ತೇನೆ. ಅದರ ಅಂಟುಪಟ್ಟಿಯನ್ನೂ ಕಿತ್ತು ತೆಗೆಯುತ್ತೇನೆ.

ಟೈರಿನ ವಿಷಯ. ರಬ್ಬರು ಬಿರುಕು ಬಿಡದಿರಲಿ ಅಂತ ಅದಕ್ಕೆ 6ಪಿಪಿಡಿ ಅನ್ನೋದನ್ನು ಸೇರಿಸುತ್ತಾರೆ. ಗಾಳಿಯಲ್ಲಿರುವ ಓಜೋನ್ ತಾಗಿ ಅದು ಬೇರೊಂದು ವಸ್ತುವಾಗುತ್ತದೆ. ಅಮೆರಿಕದ ಹೊಳೆಗಳಲ್ಲಿ ಮಳೆ ಬಂದಾಗಲೆಲ್ಲ ಕೊಹೊ ಸಾಲ್ಮನ್ ಅನ್ನೋ ಮೀನು ಸಾಯುತ್ತಿದ್ದುದು, ರಸ್ತೆಯ ಟೈರಿನ ಪುಡಿಯಿಂದ ನೀರಿಗೆ ಸೇರಿದ ಅದರಿಂದಲೇ ಅಂತ 2020ರಲ್ಲಿ ಪತ್ತೆಯಾಯಿತು. ಪ್ರಯೋಗದಲ್ಲಿ ಲೆಟಿಸ್ ಗಿಡದ ಎಲೆಗೂ ಏರಿದೆ. ಮನುಷ್ಯರ ವಿಷಯದಲ್ಲಿ ಅಧ್ಯಯನ ಇನ್ನೂ ನಡೆಯುತ್ತಿದೆ. ಆದರೂ ತಿನ್ನುವ ಗಿಡಕ್ಕೆ ಟೈರೇ ಬೇಕು ಅನ್ನೋ ಹಟ ಯಾಕೆ? ಹೂವಿಗೆ ಇಟ್ಟುಕೊಳ್ಳಿ.

ಪ್ಲಾಸ್ಟಿಕ್ ಹೊದಿಕೆ ಹಾಕುವವರು ಅದು ಪುಡಿಯಾಗುವ ಮೊದಲೇ ತೆಗೆದುಬಿಡಿ. ಪುಡಿಯಾದ ಮೇಲೆ ಹೆಕ್ಕೋದು ಆಗದ ಕೆಲಸ. ಒಣಹುಲ್ಲು, ತರಗೆಲೆ ಎಷ್ಟೋ ವಾಸಿ.

ನೀರಿನಲ್ಲಿರುವ ಪಿಎಫ್‌ಎಎಸ್ ಬಗ್ಗೆ ಇನ್ನೊಬ್ಬರು ‘ಕುದಿಸಿದರೆ ಹೋಗುತ್ತೆ’ ಅಂದರು. ಹೋಗಲ್ಲ. ನೀರು ಆವಿಯಾಗಿ, ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನಷ್ಟು ಹೆಚ್ಚುತ್ತದೆ. ಅಮೆರಿಕ 2024ರಲ್ಲಿ ಕುಡಿಯುವ ನೀರಿನಲ್ಲಿ ಪಿಎಫ್‌ಒಎಗೆ ಇಟ್ಟ ಮಿತಿ ಲೀಟರಿಗೆ 4 ನ್ಯಾನೊಗ್ರಾಂ. ಒಂದು ಗ್ರಾಮಿನ ನೂರು ಕೋಟಿಯಲ್ಲಿ ನಾಲ್ಕು ಪಾಲು! ಕುಡಿಯುವ ನೀರಿಗೆ ಆರ್‌ಒ ಅಥವಾ ಸಕ್ರಿಯ ಇದ್ದಿಲಿನ ಫಿಲ್ಟರ್ ಕೆಲಸ ಮಾಡುತ್ತದೆ. ಇದ್ದಿಲನ್ನು ಹೇಳಿದ ಹೊತ್ತಿಗೆ ಬದಲಿಸಬೇಕು. ಆರ್‌ಒ ಹೊರಹಾಕುವ ನೀರನ್ನು ಮಾತ್ರ ಸೊಪ್ಪಿಗೆ ಬಿಡಬೇಡಿ, ತೆಗೆದದ್ದೆಲ್ಲ ಅದರಲ್ಲೇ ಇರುತ್ತದೆ.

ನಿಮ್ಮ ಪಾತಿಗೆ ಬರುವುದು ಯಾವ ನೀರು ಅಂತ ಬರೆಯಲಿಲ್ಲ. ಅದೂ ಶುದ್ಧೀಕರಿಸಿದ ಕೊಳಚೆ ನೀರೇ ಆಗಿದ್ದರೆ ತಿಳಿಸಿ, ಮುಂದಿನ ಮಾತು ಆಮೇಲೆ.