ಸಿಎಂಬಿ ನೋಡೋಕೆ ದಕ್ಷಿಣ ಧ್ರುವವೇ ಬೇಕಾ?

ನಿಮ್ಮ ಪ್ರಶ್ನೆ ಇದು: ಮಹಾಸ್ಫೋಟದ ಹಳೇ ಬೆಳಕು (ಸಿಎಂಬಿ, ಅಂದರೆ ಕಾಸ್ಮಿಕ್ ಮೈಕ್ರೋವೇವ್ ಬ್ಯಾಕ್‌ಗ್ರೌಂಡ್; ಈಗ ಅದು ಕಣ್ಣಿಗೆ ಕಾಣದ, ಆಂಟೆನಾಗೆ ಸಿಗುವ ಅಲೆ) ಆಕಾಶದ ಎಲ್ಲ ಕಡೆಯಿಂದಲೂ ಬರುತ್ತಿದ್ದರೆ, ಅದನ್ನು ನೋಡೋಕೆ ದಕ್ಷಿಣ ಧ್ರುವದವರೆಗೆ ಯಾಕೆ ಹೋಗಬೇಕು, ನಮ್ಮನೆ ತಾರಸಿ ಸಾಲದಾ?

ಬೆಳಕು ಇದೆ ಅಂತ ತಿಳಿಯೋದಕ್ಕಷ್ಟೇ ಆದರೆ ಧ್ರುವ ಬೇಕಿಲ್ಲ. 1964ರಲ್ಲಿ ಪೆನ್ಜಿಯಾಸ್ ಮತ್ತು ವಿಲ್ಸನ್ ಎಂಬ ಇಬ್ಬರು ವಿಜ್ಞಾನಿಗಳು ಅದನ್ನು ಹಿಡಿದದ್ದು ಅಮೆರಿಕದ ನ್ಯೂಜೆರ್ಸಿಯ ಒಂದು ಸಣ್ಣ ಗುಡ್ಡದ ಮೇಲೆ. ಆಂಟೆನಾ ಎತ್ತ ತಿರುಗಿಸಿದರೂ ಒಂದೇ ಥರದ ಗುಂಯ್. ಒಳಗೆ ಸೇರಿಕೊಂಡಿದ್ದ ಪಾರಿವಾಳಗಳ ಹಿಕ್ಕೆ ಕೆರೆದು ತೊಳೆದರೂ ಅದು ಹೋಗಲಿಲ್ಲ. ಅವರು ಕೇಳುತ್ತಿದ್ದದ್ದು ಏಳು ಸೆಂಟಿಮೀಟರ್ ಚಿಲ್ಲರೆ ಉದ್ದದ ಅಲೆ. ಅದಕ್ಕೆ ಗಾಳಿಯ ತೇವ ಅಷ್ಟಾಗಿ ಅಡ್ಡಿ ಬರುವುದಿಲ್ಲ.

ಆದರೆ ಈ ಬೆಳಕು ಜೋರಾಗಿರುವುದು ಒಂದೆರಡು ಮಿಲಿಮೀಟರ್ ಅಲೆಗಳಲ್ಲಿ. ತೊಂದರೆ ಶುರುವಾಗೋದೇ ಅಲ್ಲಿ. ಗಾಳಿಯಲ್ಲಿರುವ ನೀರಾವಿ ಆ ಅಲೆಗಳನ್ನು ಹೀರುತ್ತದೆ. ಸುಮ್ನೆ ಹೀರಿಕೊಂಡು ಕೂರುವುದೂ ಇಲ್ಲ, ತಾನೂ ಅದೇ ಅಲೆಗಳನ್ನು ಸೂಸುತ್ತದೆ. ಮಳೆ ಜೋರಾದಾಗ ಮಲೆನಾಡಿನ ನಮ್ಮ ಮನೆಯಲ್ಲಿ ಡಿಶ್ ಟಿವಿ ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತದೆ. ಅದು ಹನಿಗಳ ಕಾಟ. ಇಲ್ಲಿ ಹನಿ ಬೇಡ, ಕಣ್ಣಿಗೆ ಕಾಣದ ತೇವವೇ ಸಾಕು. ಅದೂ ಸಮನಾಗಿ ಹರಡಿರಲ್ಲ. ಗಾಳಿ ಬೀಸಿದ ಹಾಗೆ ಗುಂಪು ಗುಂಪಾಗಿ ತೇಲುತ್ತದೆ, ದೂರದರ್ಶಕಕ್ಕೆ ಆಕಾಶವೇ ಮಿನುಗಿದಂತೆ ಕಾಣುತ್ತದೆ. ಹುಡುಕುತ್ತಿರುವುದೋ, ಮೈನಸ್ 270 ಡಿಗ್ರಿ ಸೆಲ್ಸಿಯಸ್‌ನ ಬೆಳಕಿನಲ್ಲಿ ಲಕ್ಷಕ್ಕೆ ಒಂದು ಪಾಲಿನ ಏರಿಳಿತ!

ಫ್ರಿಜ್ಜಿನಿಂದ ತೆಗೆದ ಚೊಂಬು ಬೆವರುತ್ತದೆ ಅಲ್ವಾ? ತಣ್ಣಗಾದ ಗಾಳಿ ನೀರನ್ನು ಹಿಡಿದಿಟ್ಟುಕೊಳ್ಳಲಾರದು, ಅದಕ್ಕೆ. ಧ್ರುವದಲ್ಲಿ ಚಳಿಗಾಲಕ್ಕೆ ಮೈನಸ್ 60 ಡಿಗ್ರಿ. ಜೊತೆಗೆ ಜಾಗವೇ ಸುಮಾರು 2,800 ಮೀಟರ್ ಎತ್ತರ. ತಲೆ ಮೇಲಿನ ಅಷ್ಟೂ ಆವಿಯನ್ನು ನೀರು ಮಾಡಿ ಸುರಿದರೆ ಅರ್ಧ ಮಿಲಿಮೀಟರೂ ನಿಲ್ಲಲ್ಲ. ಆರು ತಿಂಗಳು ಸೂರ್ಯನೂ ಇಲ್ಲ. 10 ಮೀಟರ್ ಅಗಲದ ಸೌತ್ ಪೋಲ್ ಟೆಲಿಸ್ಕೋಪ್ 2007ರಿಂದ ಅಲ್ಲೇ ಇದೆ. ಚಿಲಿಯ ಅಟಕಾಮಾ ಮರುಭೂಮಿಯ ದೂರದರ್ಶಕದವರು 5,200 ಮೀಟರ್ ಹತ್ತಿ ಕೂತಿರುವುದೂ ಇದೇ ಕಾರಣಕ್ಕೆ.

ಇಷ್ಟೆಲ್ಲ ಮಾಡಿದರೂ ಗೆದ್ದ ಹಾಗಲ್ಲ. 2014ರಲ್ಲಿ ಧ್ರುವದ ಬೈಸೆಪ್2 ದೂರದರ್ಶಕದ ತಂಡ ಬ್ರಹ್ಮಾಂಡದ ಮೊದಲ ಕ್ಷಣದ ಗುರುತ್ವ ಅಲೆಗಳ (ಜಾಗವನ್ನೇ ಹಿಗ್ಗಿಸಿ ಕುಗ್ಗಿಸುವ ಅಲೆಗಳ) ಗುರುತು ಈ ಬೆಳಕಿನಲ್ಲಿ ಸಿಕ್ಕಿತು ಅಂತ ಘೋಷಿಸಿತು. ಮರುವರ್ಷ, ಇದೇ ಬೆಳಕನ್ನು ಅಳೆದಿದ್ದ ಪ್ಲಾಂಕ್ ಉಪಗ್ರಹದ ಲೆಕ್ಕ ಸೇರಿಸಿ ನೋಡಿದರೆ, ಅದರಲ್ಲಿ ಜಾಸ್ತಿ ಪಾಲು ನಮ್ಮದೇ ಗ್ಯಾಲಕ್ಸಿಯ ಧೂಳು ಸೂಸಿದ ಅಲೆ. ತೇವ ತಪ್ಪಿಸಿಕೊಂಡು ಹೋದವರಿಗೆ ಧೂಳು ಕಣ್ಣಿಗೆ ಬಿತ್ತು. ಬೈಸೆಪ್2 ಒಂದೇ ಆವರ್ತನದಲ್ಲಿ, ಅಂದರೆ ಒಂದೇ ಉದ್ದದ ಅಲೆಯಲ್ಲಿ ನೋಡಿತ್ತು; ಧೂಳನ್ನು ಬೇರೆ ಮಾಡಲು ಹಲವು ಆವರ್ತನ ಬೇಕು.

ಹಾಗಂತ ತಾರಸಿ ಆಸೆ ಪೂರ್ತಿ ಬಿಡಬೇಡಿ. ಮೊದಲ ನಕ್ಷತ್ರಗಳ ಕಾಲದ ಹೈಡ್ರೋಜನ್ ಇದೇ ಬೆಳಕನ್ನು ಒಂಚೂರು ನುಂಗಿರಬೇಕು. ಆ ಗುರುತು ಈಗ ಮೀಟರುಗಟ್ಟಲೆ ಉದ್ದದ ಅಲೆಗಳಲ್ಲಿ ಇರಬೇಕು, ಅವುಗಳಿಗೆ ತೇವ ಲೆಕ್ಕಕ್ಕಿಲ್ಲ. ಅದನ್ನು ಹುಡುಕೋಕೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು 2020ರಲ್ಲಿ ಸಾರಸ್ ಆಂಟೆನಾವನ್ನು ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟರು. ನೆಲದಡಿಯ ಕಲ್ಲುಮಣ್ಣು ಒಂದೊಂದು ಕಡೆ ಒಂದೊಂದು ಥರ, ಅದು ಅಳತೆ ಕೆಡಿಸುತ್ತದೆ. ನೀರಾದರೆ ಕೆಳಗೆಲ್ಲ ಒಂದೇ ಸಮ.