ಮೊಳೆ ನೆನೆಸಿದ ಯೀಸ್ಟ್ ನೀರು ಬೇಡವೇ ಬೇಡ

ಪ್ರಶ್ನೆ: ಸೊಸೆಯ ಹಿಮೋಗ್ಲೋಬಿನ್ 8ಕ್ಕೆ ಇಳಿದಿದೆ. ಬೆಲ್ಲದ ನೀರಿಗೆ ಬೇಕರಿ ಯೀಸ್ಟ್ ಮತ್ತು ತುಕ್ಕು ಹಿಡಿದ ಮೊಳೆ ಹಾಕಿ, ಎರಡು ದಿನ ಬಿಟ್ಟು ಕುಡಿಸಿದರೆ ಯೀಸ್ಟ್ ಹೀರಿಕೊಂಡ ಕಬ್ಬಿಣವೆಲ್ಲ ರಕ್ತಕ್ಕೆ ಸೇರುತ್ತದೆ ಎಂದು ಔಷಧ ಕೊಡುವವರೊಬ್ಬರು ಹೇಳಿದ್ದಾರೆ. ಕೊಡಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ಕೊಡಬೇಡಿ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ, ಪ್ರತಿ ಸಲವೂ ಸಿಟ್ಟು ಬರುತ್ತದೆ. ಯೀಸ್ಟ್ ಎಂದರೆ ಸಿಕ್ಕಿದ್ದನ್ನೆಲ್ಲ ತುಂಬಿಕೊಳ್ಳುವ ಗೋಣಿಚೀಲವಲ್ಲ.

ತುಕ್ಕಿನಲ್ಲಿರುವುದು ಫೆರಿಕ್ ಎಂಬ ರೂಪದ ಕಬ್ಬಿಣ. ಅದು ನೀರಿನಲ್ಲಿ ಕರಗುವುದೇ ಕಷ್ಟ. ಕಬ್ಬಿಣದ ಕೊರತೆಯಾದಾಗ ಯೀಸ್ಟ್ ತನ್ನ ಹೊರಮೈಯಲ್ಲಿರುವ ಕಿಣ್ವಗಳಿಂದ ಅದನ್ನು ಸುಲಭವಾಗಿ ಕರಗುವ ಫೆರಸ್ ರೂಪಕ್ಕೆ ಇಳಿಸುತ್ತದೆ. ಫೆಟ್3 ಎಂಬ ಪ್ರೋಟೀನು ಅದನ್ನು ಮತ್ತೆ ಫೆರಿಕ್ ಮಾಡಿ, ಪಕ್ಕದಲ್ಲೇ ಇರುವ ಎಫ್‌ಟಿಆರ್1 ಎಂಬ ಬಾಗಿಲಿನಿಂದ ಒಳಗೆ ಬಿಡುತ್ತದೆ. ಈ ಫೆಟ್3 ಕೆಲಸ ಮಾಡಬೇಕಾದರೆ ಅದರೊಳಗೆ ತಾಮ್ರ ಇರಲೇಬೇಕು. ತಾಮ್ರವಿಲ್ಲದ ಯೀಸ್ಟ್ ಸುತ್ತಲೂ ಕಬ್ಬಿಣವಿದ್ದರೂ ಕಬ್ಬಿಣಕ್ಕಾಗಿ ಹಸಿದು ಕೂರುತ್ತದೆ. ನಮ್ಮ ದೇಹದಲ್ಲೂ ಕಬ್ಬಿಣದ ಸಾಗಾಟಕ್ಕೆ ತಾಮ್ರವುಳ್ಳ ಪ್ರೋಟೀನುಗಳು ಬೇಕು. ರಕ್ತಹೀನತೆಗೆ ಕಬ್ಬಿಣವೊಂದೇ ಕಾರಣವೆಂದು ಮನೆಯಲ್ಲೇ ತೀರ್ಮಾನಿಸಬೇಡಿ ಎಂದು ನಾನು ಹೇಳುವುದು ಇದಕ್ಕೇ.

ಕಬ್ಬಿಣ ಸಾಕೆನಿಸಿದಾಗ ಯೀಸ್ಟ್ ಆ ಬಾಗಿಲನ್ನೇ ಮುಚ್ಚುತ್ತದೆ. ಒಳಗೆ ಮಿಕ್ಕಿದ್ದನ್ನು ಕೋಶದೊಳಗಿನ ಪುಟ್ಟ ಚೀಲವಾದ ರಸಧಾನಿಗೆ ಸಾಗಿಸುತ್ತದೆ. ನಮ್ಮ ಕೋಶಗಳು ಕಬ್ಬಿಣವನ್ನು ಕೂಡಿಡುವುದು ಫೆರಿಟಿನ್ ಎಂಬ ಪ್ರೋಟೀನಿನಲ್ಲಿ. ಯೀಸ್ಟ್‌ನಲ್ಲಿ ಫೆರಿಟಿನ್ ಇಲ್ಲ, ರಸಧಾನಿಯೇ ಅದರ ಕಣಜ. ಸತುವಿನ ಹೆಚ್ಚುವರಿಯೂ ಅಲ್ಲಿಗೇ ಹೋಗುತ್ತದೆ. ತಾಮ್ರಕ್ಕೆ ಬೇರೆ ಏರ್ಪಾಡಿದೆ: ಕಪ್1 ಎಂಬ ಪುಟ್ಟ ಪ್ರೋಟೀನು ಅದನ್ನು ಕಟ್ಟಿಹಾಕುತ್ತದೆ. ಮೈಲುತುತ್ತ (ತಾಮ್ರದ ಸಲ್ಫೇಟ್) ಬೆರೆಸಿದ ತಟ್ಟೆಯಲ್ಲಿ ಬೆಳೆಸಿದರೆ ಕೆನೆಬಣ್ಣದ ಯೀಸ್ಟ್ ಕಂದು ಬಣ್ಣಕ್ಕೆ ತಿರುಗುತ್ತದೆ. ಕೋಶಭಿತ್ತಿಯಲ್ಲಿ ತಾಮ್ರದ ಸಲ್ಫೈಡ್ ಕೂತಿರುತ್ತದೆ. ಧಾರವಾಡದಲ್ಲಿ ವಿದ್ಯಾರ್ಥಿಗಳಿಗೆ ಆ ತಟ್ಟೆ ತೋರಿಸಿದಾಗಲೆಲ್ಲ ಅವರು ಮಾತಿಲ್ಲದೆ ನೋಡುತ್ತ ನಿಲ್ಲುತ್ತಿದ್ದರು.

ನಿಮ್ಮ ಬೆಲ್ಲದ ನೀರು ಹುದುಗಿ ಹುಳಿಯಾದಂತೆ ಮೊಳೆಯಿಂದ ಒಂದಿಷ್ಟು ಕಬ್ಬಿಣ ಕರಗೀತು. ಎಷ್ಟು ಎಂದು ಆ ಔಷಧದವರಿಗೂ ತಿಳಿಯದು. ಮೊಳೆಗೆ ಸತುವಿನ ಲೇಪವಿದ್ದರೆ ಅದೂ ನೀರಿಗೆ ಇಳಿಯುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಆ ಪಾತ್ರೆಯನ್ನು ಇಂದೇ ಚೆಲ್ಲಿ. ಕಬ್ಬಿಣ ಅತಿಯಾದರೆ ಮಕ್ಕಳ ಜೀವಕ್ಕೇ ಅಪಾಯ. ಸೊಸೆಯನ್ನು ಈ ವಾರವೇ ವೈದ್ಯರಿಗೆ ತೋರಿಸಿ, ಫೆರಿಟಿನ್ ಪರೀಕ್ಷೆಯ ಬಗ್ಗೆ ಕೇಳಿ. ಗರ್ಭಿಣಿಯಾಗಿದ್ದರೆ ನಾಳೆಯೇ ಹೋಗಿ.

ಪ್ರಶ್ನೆ: ಬೋರ್‌ವೆಲ್ ನೀರಿನ ಫ್ಲೋರೈಡನ್ನು ಯೀಸ್ಟ್ ತೆಗೆಯುತ್ತದೆಯೇ?
– ಗದಗ
ಉತ್ತರ: ಇಲ್ಲ. ಫ್ಲೋರೈಡ್ ಲೋಹವೇ ಅಲ್ಲ.

ಪ್ರಶ್ನೆ: ದೇಹದ ಸೀಸವನ್ನು ಹೊರಗೆಳೆಯುವ ಯೀಸ್ಟ್ ಮಾತ್ರೆ ಮಾರುತ್ತಿದ್ದಾರೆ, ನಿಜವೇ?
– ಹಾವೇರಿ
ಉತ್ತರ: ಸುಳ್ಳು. ಕೊಳಚೆ ನೀರಿನ ಸೀಸ ಸತ್ತ ಯೀಸ್ಟ್‌ನ ಕೋಶಭಿತ್ತಿಗೆ ಅಂಟುತ್ತದೆ ಎಂಬುದು ನಿಜ. ಅದನ್ನೇ ಹಿಡಿದುಕೊಂಡು, ಮೂಳೆಯಲ್ಲಿ ಕೂತ ಸೀಸವೂ ಮಾತ್ರೆಗೆ ಅಂಟಿ ಬರುತ್ತದೆ ಎಂದು ಮಾರುವುದು ವಂಚನೆ.

ಪ್ರಶ್ನೆ: ಇಡ್ಲಿ ಹಿಟ್ಟನ್ನು ತಾಮ್ರದ ಪಾತ್ರೆಯಲ್ಲಿ ಹುದುಗಿಸಬಹುದೇ?
– ಧಾರವಾಡ
ಉತ್ತರ: ಕಲಾಯಿ ಇಲ್ಲದ ತಾಮ್ರದಲ್ಲಿ ಹುಳಿ ಹಿಟ್ಟು ಇಡಲೇಬೇಡಿ. ಸ್ಟೀಲ್ ಪಾತ್ರೆಯಲ್ಲಿಡಿ.